ಮಾತ್ರೆ ನುಂಗುವಾಗ ನೋಡಲು ಒಬ್ಬರು ಬೇಕಿತ್ತು

ಈಗ ನನಗೆ ಕ್ಷಯ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಹೇಳುವ ತನಕ ಜನ ಒಂದು ಹೆಜ್ಜೆ ಹಿಂದೆ ನಿಂತೇ ಮಾತು ಕೇಳುತ್ತಾರೆ ಎಂಬುದು ನನಗೆ ಅನುಭವದಿಂದ ಗೊತ್ತು. ಕೊನೆಯ ಕಫ ಪರೀಕ್ಷೆ ಮಾಡಿ, ಏನೂ ಇಲ್ಲ ಎಂದು ಕಳಿಸಿ ವರ್ಷಗಳಾದವು. ಮೈ ತುಂಬಿಕೊಂಡಿದೆ, ಉದುರಿದ ಕೂದಲು ಬಂದಿದೆ. ಮಹಡಿ ಹತ್ತಿದರೆ ಸ್ವಲ್ಪ ಏದುಸಿರು, ಅಷ್ಟೇ. ಆದರೂ ಬರೆಯಲು ಕೂತಿದ್ದೇನೆ. ಆ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ನನ್ನ ಹಾಗೆ ಆದವರು ಬೇರೆ ಯಾರಾದರೂ ಇದ್ದಾರೆಯೇ, ಇದ್ದರೆ ಅವರ ಬೀದಿಯವರು ಅವರನ್ನು ಹೇಗೆ ನೋಡಿಕೊಂಡರು ಎಂದು ತಿಳಿಯಲು ತುಂಬ ಆಸೆಪಟ್ಟಿದ್ದೆ. ಯಾರೂ ಹೇಳಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಮುಖ ಮುಚ್ಚಿಕೊಂಡೇ ಕೂತಿರುತ್ತಿದ್ದರು.

ನಮ್ಮದು ಬಾಗಲಗುಂಟೆಯಲ್ಲಿ ಒಂದು ಸಣ್ಣ ಅಡ್ಡರಸ್ತೆ. ನಮ್ಮ ಯಜಮಾನರು ಮಹದೇವ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ಸಂಜೆ ಮನೆಗೆ ಬಂದರೆ ಅವರ ಹುಬ್ಬಿನ ಮೇಲೂ ಧೂಳು ಕೂತಿರುತ್ತಿತ್ತು. ಮಗಳು ಚೈತ್ರ ಒಂಬತ್ತನೇ ಕ್ಲಾಸಿನಲ್ಲಿದ್ದಳು. ನಾನು ಪಿಯುಸಿ ಓದಿದವಳು, ಸಂಜೆ ಹೊತ್ತು ಬೀದಿಯ ಮಕ್ಕಳನ್ನು ಮುಂದಿನ ಕೋಣೆಯಲ್ಲಿ ಕೂರಿಸಿಕೊಂಡು ಮನೆಪಾಠ ಹೇಳುತ್ತಿದ್ದೆ. ರಸ್ತೆಯ ಎರಡೂ ಕಡೆ ನಮ್ಮಂಥವರ ಸಣ್ಣ ಸ್ವಂತ ಮನೆಗಳು. ತುದಿಯಲ್ಲಿ ಮುನಿರಾಜಣ್ಣ ಎಂಬ ಹಳೆಯ ಊರಿನ ಗೌಡರು ತಮ್ಮ ಹೊಲವಿದ್ದ ಜಾಗದಲ್ಲಿ ಶೀಟ್ ಹಾಕಿ ಕಟ್ಟಿಸಿದ ಬಾಡಿಗೆ ರೂಮುಗಳ ಸಾಲು. ಅಲ್ಲಿ ಕೊಪ್ಪಳ, ರಾಯಚೂರಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು ಇರುತ್ತಿದ್ದರು.

ನಾನು ಆ ಬೀದಿಗೆ ಬೇಕಾದವಳಾಗಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಬೋರ್‌ವೆಲ್ ನೀರು ಯಾವಾಗ ಬಿಡುತ್ತಾರೋ ಗೊತ್ತಿರುತ್ತಿರಲಿಲ್ಲ; ನಲ್ಲಿ ಸದ್ದಾದ ಕೂಡಲೇ ಮನೆಮನೆಯ ಬಾಗಿಲು ತಟ್ಟಿ ಎಬ್ಬಿಸುತ್ತಿದ್ದವಳು ನಾನು. ಗಣೇಶನ ಹಬ್ಬಕ್ಕೆ ಪೆಂಡಾಲು ಹಾಕಿದರೆ ಕೋಸಂಬರಿ, ಪುಳಿಯೋಗರೆ ನಮ್ಮ ಮನೆಯ ಒಲೆಯ ಮೇಲೆ ಆಗುತ್ತಿತ್ತು. ಕೆಲಸಕ್ಕೆ ಹೋಗುವ ಹೆಂಗಸರು ಮನೆ ಬೀಗದ ಕೈಯನ್ನು ನನಗೆ ಕೊಟ್ಟು ಹೋಗುತ್ತಿದ್ದರು. ಬಾಗಿಲ ಪಕ್ಕದ ಮೊಳೆಗಳಲ್ಲಿ ಅರ್ಧ ಬೀದಿಯ ಮನೆಗಳ ಕೀ ನೇತಾಡುತ್ತಿದ್ದವು.

ಪಕ್ಕದ ಮನೆ ಗಿರಿಜಾಳದು. ನಮ್ಮೆರಡು ಮನೆಗೂ ಒಂದೇ ಗೋಡೆ. ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನನ್ನು ಸುಮಕ್ಕ ಎಂದು ಕರೆಯುತ್ತಿದ್ದಳು. ಹೆರಿಗೆ ನೋವು ಬಂದ ದಿನ ಅವಳ ಗಂಡ ಊರಲ್ಲಿರಲಿಲ್ಲ, ಅತ್ತೆಗೆ ಕೈಕಾಲು ಆಡಲಿಲ್ಲ. ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ದಾಸರಹಳ್ಳಿಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅವಳ ಉಗುರಿನ ಗುರುತು ವಾರವಿಡೀ ಉಳಿದಿತ್ತು. ಆ ಮಗು ಪ್ರಣವ್ ನಮ್ಮ ಮನೆಯಲ್ಲೇ ಅಂಬೆಗಾಲಿಟ್ಟಿತು. ಅಕ್ಷರ ತಿದ್ದಿಸಿದವಳೂ ನಾನೇ.

ಕೆಮ್ಮು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪೀಣ್ಯದ ಸುತ್ತ ಇರುವವರು ಯಾರು ಕೆಮ್ಮುವುದಿಲ್ಲ? ಬಸ್ ಸ್ಟಾಪಿನ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಧೂಳಿನ ಅಲರ್ಜಿ ಎಂದು ಸಿರಪ್ ಬರೆದರು. ಮುಗಿದ ಮೇಲೆ ಇನ್ನೊಂದು ಬಣ್ಣದ ಸಿರಪ್. ಸಂಜೆಯಾದರೆ ಸಣ್ಣಗೆ ಜ್ವರ, ಬೆನ್ನೆಲ್ಲ ಬೆವರು. ರವಿಕೆಗಳು ಸಡಿಲವಾದವು. “ಸಣ್ಣ ಆಗಿದ್ದೀರಾ ಸುಮಕ್ಕ, ಏನ್ ಮಾಡಿದ್ರಿ, ನಮಗೂ ಹೇಳಿ” ಎಂದು ಗಿರಿಜಾ ನಕ್ಕಿದ್ದಳು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೆಮ್ಮಿ ಉಗಿದಾಗ ಸೋಪಿನ ನೊರೆಯ ಮೇಲೆ ರಕ್ತ ಬಿತ್ತು. ನೊರೆ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ನಿಂತೆ. ಆಮೇಲೆ ನೀರು ಸುರಿದು ತೊಳೆದು, ಒಗೆಯುವುದನ್ನು ಮುಗಿಸಿ, ಹಿಂಡಿ, ಒಣಗಿಸಿ ಬಂದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟರೆ ರಕ್ತ ನಿಜವಾಗಿಬಿಡುತ್ತದೆ ಅನ್ನಿಸಿರಬೇಕು.

ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಡಲು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಅದನ್ನು ಹಿಡಿದುಕೊಂಡು ಕಾಯುವ ಜಾಗ ಒಂದು ಉದ್ದನೆಯ ವರಾಂಡ. ಬೇರೆ ಕಡೆ ಬೆಂಚಿನಲ್ಲಿ ಜಾಗಕ್ಕೆ ಜಗಳವಾಡುವ ಜನ ಇಲ್ಲಿ ಮಾತ್ರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯೊಬ್ಬಳು ಕಂಪನಿಯ ಗುರುತಿನ ಕಾರ್ಡನ್ನು ವೇಲಿನ ಒಳಗೆ ಸಿಕ್ಕಿಸಿಕೊಂಡಿದ್ದಳು. ಒಳಗಿನಿಂದ ಹೆಸರು ಕೂಗಿದಾಗ ಅವಳು ಏಳಲಿಲ್ಲ. ಎರಡನೇ ಸಲ ಕೂಗಿದರು, ಆಗಲೂ ಏಳಲಿಲ್ಲ. ಮೂರನೇ ಸಲಕ್ಕೆ ನಾನೇ “ನಿನ್ನನ್ನೇನಮ್ಮ ಕರೀತಿರೋದು?” ಎಂದೆ. ಅವಳು ಸಣ್ಣ ದನಿಯಲ್ಲಿ, “ಸುಳ್ಳು ಹೆಸರು ಬರೆಸಿದ್ದೆ ಆಂಟಿ, ಯಾವುದು ಅಂತ ಮರೆತೋಯ್ತು” ಎಂದಳು. ಇಬ್ಬರೂ ನಕ್ಕೆವು, ನಗು ಕೆಮ್ಮಾಯಿತು, ವರಾಂಡದವರೆಲ್ಲ ತಿರುಗಿ ನೋಡಿದರು. ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಟಿ.ಬಿ. ಎಂದು ಹೇಳಿದವರು ಅಲ್ಲಿನ ಆರೋಗ್ಯ ಕಾರ್ಯಕರ್ತೆ. ತಿದ್ದಿ ಬಾಚಿದ ತಲೆ, ಗಡಸು ದನಿ, ಆದರೆ ಕೈ ಹಿಡಿದುಕೊಂಡೇ ಹೇಳಿದರು. ಆರು ತಿಂಗಳು ಬಿಡದೆ ಮಾತ್ರೆ ತೆಗೆದುಕೊಂಡರೆ ವಾಸಿಯಾಗುತ್ತದೆ, ಕೆಲವು ವಾರಗಳಲ್ಲೇ ಬೇರೆಯವರಿಗೆ ಹರಡುವುದೂ ನಿಲ್ಲುತ್ತದೆ ಎಂದರು. “ಬೀದಿಯೋರಿಗೆಲ್ಲ ಹೇಳ್ಬೇಕು ಅಂತೇನಿಲ್ಲ ಅಮ್ಮ. ಮನೆಯೋರು ಟೆಸ್ಟ್ ಮಾಡಿಸ್ಕೊಳ್ಳಿ” ಎಂದರು. ನಾನು ಮನೆಪಾಠದ ವಿಷಯ ಹೇಳಿದೆ. ಅವರು, “ಹಾಗಾದ್ರೆ ಆ ಮಕ್ಕಳನ್ನೂ ಒಂದ್ಸಲ ನೋಡೋದು ಒಳ್ಳೇದು” ಎಂದರು.

ಮನೆಗೆ ಬಂದು ಹೇಳಿದಾಗ ಇವರು ಮೊದಲು ಆಡಿದ ಮಾತು, “ನಮ್ಮನೇಲಿ ಯಾರಿಗೂ ಇರ್ಲಿಲ್ವಲ್ಲ.” ಅದರಲ್ಲಿ ಆರೋಪ ಇರಲಿಲ್ಲ, ದಿಕ್ಕು ತೋಚದ ಮಾತು. ಚೈತ್ರ ಅಳಲಿಲ್ಲ. ಅಡುಗೆಮನೆಗೆ ಹೋಗಿ ನನ್ನ ತಟ್ಟೆ ಲೋಟ ಬೇರೆ ಇಡುತ್ತಿದ್ದವಳು, ನಾನು ನೋಡುತ್ತಿರುವುದು ಕಂಡು, ಮತ್ತೆ ಎಲ್ಲದರ ಜೊತೆ ಸೇರಿಸಿಟ್ಟಳು. ಮಕ್ಕಳ ಮನೆಗಳಿಗೆ ಹೋಗಿ ಹೇಳಿ ಬರುತ್ತೇನೆ ಎಂದಾಗ ಮಾತ್ರ ಇವರಿಗೆ ಸಿಟ್ಟು ಬಂತು.

“ಹುಚ್ಚೇನೇ ನಿಂಗೆ? ಹುಷಾರಿಲ್ಲ, ಪಾಠ ನಿಲ್ಸಿದ್ದೀನಿ ಅನ್ನು, ಸಾಕು.”

“ನಮ್ಮ ಚೈತ್ರಂಗೆ ಬೇರೆ ಯಾರಿಂದಾದ್ರೂ ಹಿಂಗಾಗೋ ಹಾಗಿದ್ರೆ, ಅವರು ಹೇಳ್ಬೇಕಿತ್ತು ಅಂತ ನೀವೇ ಅಂತಿರ್ಲಿಲ್ವಾ?”

“ಅವರು ಹೇಳ್ತಿರ್ಲಿಲ್ಲ” ಎಂದರು ಇವರು. “ಅದೇ ನಂಗೂ ನಿಂಗೂ ಇರೋ ವ್ಯತ್ಯಾಸ. ನಂಗೆ ಈ ಜನ ಗೊತ್ತು.”

ನಾನು ಹೋದೆ. ಬಾಯಿಗೆ ಸೆರಗು ಹಿಡಿದು, ಒಳಗೆ ಕಾಲಿಡದೆ, ಬಾಗಿಲಲ್ಲೇ ನಿಂತು ಎಲ್ಲರಿಗೂ ಹೇಳಿದೆ. ಮೊದಲು ಹೋದದ್ದು ಗಿರಿಜಾಳ ಮನೆಗೆ. ಅವಳು ಕೇಳುತ್ತಲೇ ಪ್ರಣವನನ್ನು ಹಿಂದಕ್ಕೆ ಎಳೆದುಕೊಂಡಳು. ಅದು ತಾಯಿಯ ಕೈ, ತಪ್ಪೆಂದು ನನಗೆ ಅನ್ನಿಸಲಿಲ್ಲ. “ಅಯ್ಯೋ ಪಾಪ” ಎಂದಳು. ಆಮೇಲೆ ದನಿ ಬದಲಾಯಿತು. “ಎಷ್ಟು ದಿನದಿಂದ ಗೊತ್ತಿತ್ತು ನಿಮ್ಗೆ?”

“ಇವತ್ತೇ ಗೊತ್ತಾಗಿದ್ದು ಗಿರಿಜಾ.”

“ಕೆಮ್ಮು ಎಷ್ಟೋ ದಿನದಿಂದ ಇತ್ತಲ್ಲ.”

ನಾನು ಮುಂದಿನ ಮನೆಗೆ ಹೋದೆ.

ಮಾರನೆಯ ದಿನ ಗಿರಿಜಾಳ ಅತ್ತೆ ಗೇಟಿನ ಆಚೆ ನಿಂತು, ನೆಂಟರು ಬರುತ್ತಾರೆ, ಕೀ ಬೇಕಿತ್ತು ಎಂದರು. ಕೊಟ್ಟೆ. ಅವರು ಅದನ್ನು ಬರಿಗೈಯಲ್ಲಿ ಮುಟ್ಟದೆ ಸೆರಗಿನಲ್ಲಿ ಹಿಡಿದುಕೊಂಡು ಹೋದರು. ಆ ವಾರ ಮುಗಿಯುವಷ್ಟರಲ್ಲಿ ಬಾಗಿಲ ಪಕ್ಕದ ಮೊಳೆಗಳೆಲ್ಲ ಬರಿದಾದವು. ಒಬ್ಬೊಬ್ಬರದು ಒಂದೊಂದು ನೆಪ. ನೆಪ ಹೇಳಿದರಲ್ಲ ಎಂದು ಆಗ ಸಮಾಧಾನಪಟ್ಟುಕೊಂಡಿದ್ದೆ. ನೀರು ಬಂದ ದಿನ ನಾನು ಕೊಡ ಹಿಡಿದು ಹೋದರೆ ಹೆಂಗಸರು ತಮ್ಮ ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು, ನನ್ನ ಸರದಿ ಬಂತೆಂದಲ್ಲ, ನಾನು ಬೇಗ ತುಂಬಿಕೊಂಡು ಹೋಗಲಿ ಎಂದು. ಹೋದ ಮೇಲೆ ನಲ್ಲಿಯ ತಿರುಪಿಗೆ ಯಾರೋ ಒಂದು ಚೊಂಬು ನೀರು ಹುಯ್ಯುವ ಸದ್ದು ಬೆನ್ನ ಹಿಂದೆ ಕೇಳುತ್ತಿತ್ತು. ಆಮೇಲಾಮೇಲೆ ಚೈತ್ರಳೇ ನೀರಿಗೆ ಹೋಗತೊಡಗಿದಳು.

ಮಕ್ಕಳನ್ನೆಲ್ಲ ತೋರಿಸಿದರಂತೆ. ಯಾರಿಗೂ ಏನೂ ಇರಲಿಲ್ಲ. ಆ ಸುದ್ದಿ ನನಗೆ ತಿಳಿದದ್ದು ಆರೋಗ್ಯ ಕಾರ್ಯಕರ್ತೆಯಿಂದ. ನಮ್ಮ ಗೋಡೆಯ ಆಚೆ ಪ್ರಣವ್ ಮಗ್ಗಿ ಹೇಳುವುದು ನನಗೆ ಕೇಳುತ್ತಿತ್ತು. ಆ ಮನೆಯಿಂದ ಒಂದು ಮಾತು ಬರಲಿಲ್ಲ, “ಮಗು ಚೆನ್ನಾಗಿದ್ದಾನೆ ಸುಮಕ್ಕ, ಹೆದರಬೇಡಿ” ಎಂದು. ಆ ದಿನಗಳಲ್ಲಿ ನಾನು ದೇವರ ಮುಂದೆ ನನಗೋಸ್ಕರ ಕೈ ಮುಗಿದದ್ದು ಕಡಿಮೆ, ಆ ಮಗುವಿಗಾಗಿ ಮುಗಿದದ್ದು ಜಾಸ್ತಿ. ಅದನ್ನು ಈಗ ಬರೆಯಲೂ ಕಹಿಯೆನಿಸುತ್ತದೆ.

ಆಗಿನ ಕ್ರಮದಲ್ಲಿ ಮಾತ್ರೆಯನ್ನು ನಮ್ಮ ಕೈಗೆ ಕೊಟ್ಟು ಕಳಿಸುತ್ತಿರಲಿಲ್ಲ. ವಾರಕ್ಕೆ ಮೂರು ದಿನ, ಒಬ್ಬರ ಕಣ್ಣೆದುರಿಗೇ ನುಂಗಬೇಕು. ಜನ ನಡುವೆ ಬಿಟ್ಟುಬಿಡುತ್ತಾರೆ ಎಂದು ಹಾಗೆ. ನನ್ನ ಹೆಸರು ಬರೆದ ಒಂದು ಡಬ್ಬಿ ಆಸ್ಪತ್ರೆಯ ಕಪಾಟಿನಲ್ಲಿತ್ತು. ಖಾಲಿ ಹೊಟ್ಟೆ ಆಗದು, ತುಂಬಿದ ಹೊಟ್ಟೆಯೂ ತಡೆಯದು. ಒಂದು ಹಿಡಿ ಮಾತ್ರೆ ನುಂಗಿ ಬಸ್ಸು ಹತ್ತಿದರೆ ನಡುದಾರಿಯಲ್ಲಿ ಇಳಿದು ವಾಂತಿ ಮಾಡಿಕೊಳ್ಳಬೇಕಾಗುತ್ತಿತ್ತು. ಮೊದಲ ಬಾರಿ ಮೂತ್ರ ಕೇಸರಿ ಬಣ್ಣದಲ್ಲಿ ಹೋದಾಗ ಕೂಗಿಕೊಂಡಿದ್ದೆ. ಅದು ಮಾತ್ರೆಯ ಬಣ್ಣ ಎಂದು ಹೇಳಿದ್ದರು, ಮರೆತಿದ್ದೆ. ಮಾತ್ರೆಯಿಂದ ಕೀಲುಗಳೆಲ್ಲ ನೋಯುತ್ತಿದ್ದವು, ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ.

ಆರೋಗ್ಯ ಕಾರ್ಯಕರ್ತೆಯೇ ದಾರಿ ಹೇಳಿದರು. “ನಿಮ್ಮ ಬೀದೀಲಿ ಯಾರಾದ್ರೂ ಒಬ್ರು ಒಪ್ಪಿದ್ರೆ ಡಬ್ಬಿ ಅವರಿಗೇ ಕೊಡ್ತೀನಿ. ಅವರ ಮುಂದೆ ನುಂಗಿದ್ರೆ ಸಾಕು. ಮನೆಯೋರು ಆಗೋ ಹಾಗಿಲ್ಲ, ಅವರು ಕನಿಕರಕ್ಕೆ ಬಿಟ್ಬಿಡ್ತಾರೆ. ಅಕ್ಕಪಕ್ಕದೋರು ಬೇಕು. ನಿಮಗೇನಮ್ಮ, ಬೀದಿಯೋರೆಲ್ಲ ಗೊತ್ತು ಅಂತಿದ್ರಲ್ಲ.”

ಗೊತ್ತಿದ್ದರು. ಮೆಡಿಕಲ್ ಸ್ಟೋರಿನವರು ಗಿರಾಕಿಗಳು ಹೆದರುತ್ತಾರೆ ಎಂದರು. ಪೆಂಡಾಲಿನಲ್ಲಿ ನಾನು ಮಾಡಿದ ಪುಳಿಯೋಗರೆಗೆ ಮೊದಲು ಎಲೆ ಹಿಡಿಯುತ್ತಿದ್ದ ಸಮಿತಿಯ ಹಿರಿಯರು, “ನಮ್ಮ ಯಜಮಾನ್ತಿಗೆ ಶುಗರ್ ಇದೆಯಮ್ಮ” ಎಂದರು. ಗಿರಿಜಾ, “ನಮ್ಮ ಅತ್ತೆ ಒಪ್ಪಲ್ಲ ಸುಮಕ್ಕ, ನಿಮಗೆ ಗೊತ್ತಲ್ಲ” ಎಂದಳು. ಅವಳ ಅತ್ತೆ ಒಳಗೆ ಟಿ.ವಿ. ನೋಡುತ್ತಿದ್ದರು, ಅವರನ್ನು ಕೇಳುವ ಗೋಜಿಗೂ ಅವಳು ಹೋಗಲಿಲ್ಲ. ಕೇಳುವುದನ್ನು ಅಲ್ಲಿಗೆ ಬಿಟ್ಟೆ.

ಶಾಂತವ್ವ ಸಿಕ್ಕಿದ್ದು ಹೀಗೆ. ಆಸ್ಪತ್ರೆಯಿಂದ ಬರುತ್ತಿದ್ದವಳು ರಸ್ತೆಯ ತುದಿಯಲ್ಲಿ, ಮುನಿರಾಜಣ್ಣನ ರೂಮುಗಳ ಮುಂದಿನ ಮೋರಿಯ ಹತ್ತಿರ ತಲೆ ತಿರುಗಿ ಬಗ್ಗಿ ನಿಂತುಬಿಟ್ಟೆ. ಯಾರೋ ಹಿಂದಿನಿಂದ ನನ್ನ ಹಣೆ ಹಿಡಿದುಕೊಂಡರು. ನೋಡಿದರೆ ಮೊದಲನೆಯ ರೂಮಿನ ಹೆಂಗಸು. ಪಂಪ್ ತಯಾರಿಸುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ನೀರು ಬಂದಾಗ ನೋಡಿದ್ದೆನೇ ಹೊರತು ಮಾತಾಡಿದ್ದು ಕಡಿಮೆ.

“ನಂಗೆ ಟಿ.ಬಿ. ಇದೆ ಕಣಮ್ಮ, ದೂರ ನಿಂತ್ಕೋ” ಎಂದೆ.

“ನಾ ದೂರ ನಿಂತ್ರ ನೀವು ಗಟಾರದಾಗ ಬೀಳ್ತೀರಿ” ಎಂದಳು. ತನ್ನ ತಂಬಿಗೆಯಲ್ಲಿ ನೀರು ಕೊಟ್ಟಳು. ಕುಡಿದು, ಅದನ್ನು ಎಲ್ಲಿಡಲಿ ಎಂದು ನಾನು ನೋಡುತ್ತಿದ್ದಾಗ ಕೈಯಿಂದ ತೆಗೆದುಕೊಂಡು, ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಳು, ಎಲ್ಲ ಪಾತ್ರೆಗಳಂತೆ.

ಕೇಳಿಬಿಟ್ಟೆ. ಆಗ ಕೇಳದಿದ್ದರೆ ಧೈರ್ಯ ಬರುತ್ತಿರಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, “ನಾ ಏನ್ ಮಾಡಬೇಕ್ರಿ?” ಎಂದಳು.

“ನಾನು ನುಂಗೋದನ್ನ ನೋಡ್ಬೇಕು.”

“ನೋಡೂದಷ್ಟ?”

“ಅಷ್ಟೇ.”

“ಅದಕ್ಕೇನ್ರಿ. ನಾ ಕೆಲಸಕ್ಕ ಹೋಗೂದ್ರೊಳಗ ಬರ್ರಿ.”

ಅವಳು ಒಪ್ಪಿದ್ದಕ್ಕೆ ದೊಡ್ಡ ಕಾರಣವಿರಲಿಲ್ಲ. ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. “ನೀವು ಕೇಳೀರಿ, ನಾ ಹ್ಞೂಂ ಅಂದೆ” ಎನ್ನುತ್ತಿದ್ದಳು. ಆದರೆ ಒಪ್ಪಿದ ಕೆಲಸದಲ್ಲಿ ಸಡಿಲ ಇರಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ರೂಮಿನ ಹೊಸ್ತಿಲ ಮೇಲೆ ನನ್ನನ್ನು ಕೂರಿಸಿ ಮೊದಲು ಅರ್ಧ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದಳು. ಬೇಡ ಎಂದರೆ ಡಬ್ಬಿಯ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. ನುಂಗಿದ ಮೇಲೆ, “ಬಾಯಿ ತೆಗೀರಿ. ಇನ್ನೂ ದೊಡ್ಡದು. ನಾಲಿಗಿ ಎತ್ರಿ” ಎಂದು ಬಗ್ಗಿ ನೋಡುತ್ತಿದ್ದಳು. ಆಮೇಲೆ ತಲೆ ಬಾಚಿಕೊಳ್ಳುತ್ತ ಊರಿನ ಸುದ್ದಿ, ಕಾರ್ಖಾನೆಯ ಸೂಪರ್‌ವೈಸರ್ ಸುದ್ದಿ. ಗಂಡ ಹನುಮಂತಪ್ಪ ಮಾತು ಕಡಿಮೆಯ ಮನುಷ್ಯ, ನಾನು ಬಂದರೆ ಚಪ್ಪಲಿ ಮೆಟ್ಟಿಕೊಂಡು ಚಹಾ ಅಂಗಡಿಗೆ ಹೋಗುತ್ತಿದ್ದ. ಒಂದು ದಿನ ಅವಳು, “ಅಕ್ಕಾರ, ನಿಮ್ಮ ಗಲ್ಲ ತುಂಬಾಕತ್ತಾವ” ಎಂದಳು. ಅದನ್ನು ಕನ್ನಡಿ ನನಗೆ ಇನ್ನೂ ಹೇಳಿರಲಿಲ್ಲ. ಮನೆಗೆ ಬಂದು ಚೈತ್ರಳಿಗೆ ತೋರಿಸಿದೆ. ಅವಳು ಹತ್ತಿರ ಬಂದು ಎರಡೂ ಕೆನ್ನೆ ಹಿಡಿದು ನೋಡಿದಳು. ರೋಗ ಗೊತ್ತಾದ ಮೇಲೆ ಅವಳು ನನ್ನ ಮುಖ ಮುಟ್ಟಿದ್ದು ಅದೇ ಮೊದಲು.

ಎರಡು ತಿಂಗಳು ಮುಗಿಯುತ್ತ ಬಂದಿರಬೇಕು. ಕಫದಲ್ಲಿ ಕ್ರಿಮಿ ಕಾಣುತ್ತಿಲ್ಲ, ಇನ್ನು ಹರಡುವ ಭಯ ಇಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆ ಶುಕ್ರವಾರ ಹೋದರೆ ಶಾಂತವ್ವ ರೊಟ್ಟಿ ಕೊಟ್ಟಳು, ಮಾತ್ರೆ ಕೊಟ್ಟಳು, ಬಾಯಿ ನೋಡಿದಳು, ಆದರೆ ಮಾತಿರಲಿಲ್ಲ. ಏನೆಂದು ಕೇಳಿದೆ.

“ರೂಮ್ ಬಿಡಬೇಕಂತ್ರಿ. ಮಾಲಕ್ರು ಹೇಳ್ಯಾರ.”

“ಯಾಕೆ?”

ಅವಳು ನನ್ನ ಹೆಸರು ಬರೆದ ಡಬ್ಬಿಯ ಕಡೆ ನೋಡಿದಳು.

ನೇರ ಮುನಿರಾಜಣ್ಣನ ಮನೆಗೆ ಹೋದೆ. ಜಗಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದರು. ಕೂರು ಎಂದರು, ಕುರ್ಚಿಯನ್ನು ತಾವು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

“ನೀನು ಒಳ್ಳೇವ್ಳು, ನಂಗ್ ಗೊತ್ತಿಲ್ವಾ. ನಮ್ ಮೊಮ್ಮಗಂಗೆ ಅಕ್ಷರ ಕಲ್ಸಿದೋಳು ನೀನೇಯ. ಆದ್ರೆ ಆಚೆ ಈಚೆ ರೂಮ್ನೋರು ನಾವೂ ಖಾಲಿ ಮಾಡ್ತೀವಿ ಅಂತವ್ರೆ. ಬೀದಿ ಎಂಗಸ್ರೂ ಬಂದು ಏಳುದ್ರು. ನಾನೇನ್ ಮಾಡ್ಲವ್ವ?”

“ನನ್ನಿಂದ ಈಗ ಯಾರಿಗೂ ಬರಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ. ಬೇಕಾದ್ರೆ ನಾಳೆಯಿಂದ ನಾನು ಅಲ್ಲಿಗೆ ಹೋಗೋದೇ ಇಲ್ಲ, ಆಸ್ಪತ್ರೇಲೇ ತಗೋತೀನಿ. ಅವಳನ್ನ ಬಿಡಿಸಬೇಡಿ.”

“ಆಡಿದ್ ಮಾತು ಆಡಾಯ್ತು ಕಣವ್ವ. ಈಗ ಇಂದಕ್ ತಗಂಡ್ರೆ ನಾಳೆ ನನ್ ಮಾತ್ಗೆ ಯಾರು ಬೆಲೆ ಕೊಡ್ತಾರೆ? ಅವ್ರೇನು, ಎಲ್ಲಾದ್ರೂ ರೂಮ್ ಸಿಗ್ತದೆ. ಅಂಗೇ ಓಗೋ ಜನ ಅವ್ರು.”

“ಯಾರು ಬಂದು ಹೇಳಿದ್ದು?”

“ಅದೆಲ್ಲ ಯಾಕೆ ಬುಡು.” ಪೇಪರ್ ಮಡಿಸಿದರು. “ಪಕ್ಕದ್ಮನೆಯೋಳ್ನೇ ಕೇಳ್ಕೋ ಓಗು.”

ಕೇಳಿದೆ. ಗಿರಿಜಾ ಕಾಂಪೌಂಡಿನ ಆಚೆ ನಿಂತು ಬಟ್ಟೆ ಒಣಹಾಕುತ್ತಿದ್ದಳು. ಸುಳ್ಳು ಹೇಳಲಿಲ್ಲ. “ನಿಮ್ಮ ಮೇಲೆ ಹೇಳ್ಲಿಲ್ಲ ಸುಮಕ್ಕ. ನೀವು ಸ್ವಂತ ಮನೆಯೋರು, ನಿಮ್ಮನ್ನ ಯಾರು ಏನನ್ನೋಕಾಗತ್ತೆ? ಅವರು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಅವರು ಆ ಡಬ್ಬಿ ಇಟ್ಕೊಂಡು, ಅದೇ ಕೈಯಲ್ಲಿ ನಲ್ಲಿ ಮುಟ್ತಾರೆ. ನಮ್ಮ ಮಕ್ಕಳನ್ನ ನಾವು ನೋಡ್ಕೋಬೇಕಲ್ವಾ?” ಕ್ಲಿಪ್ಪು ಹಾಕುತ್ತ, ಸಮಾಧಾನದ ದನಿಯಲ್ಲೇ ಹೇಳಿದಳು. ನನ್ನನ್ನು ಏನೂ ಅನ್ನಲಾಗದ್ದಕ್ಕೆ ಶಾಂತವ್ವನನ್ನು ಕಳಿಸಿದರು, ಇಷ್ಟೇ ಸಂಗತಿ.

ಅವರು ಹೊರಟದ್ದು ಭಾನುವಾರ. ಜಿಗಣಿಯ ಕಡೆ ಯಾರೋ ಊರಿನವರು ಕೆಲಸ ಕೊಡಿಸುತ್ತೇನೆ ಅಂದಿದ್ದರಂತೆ. ಒಂದು ಗೂಡ್ಸ್ ಆಟೋದಲ್ಲಿ ಟ್ರಂಕು, ಸ್ಟೌ, ಸುತ್ತಿದ ಚಾಪೆ, ಒಂದು ಫ್ಯಾನು. ಬೀದಿಯ ಬಾಗಿಲುಗಳೆಲ್ಲ ಅರ್ಧ ಮುಚ್ಚಿದ್ದವು, ಎಲ್ಲರೂ ನೋಡುತ್ತಿದ್ದರು. ಶಾಂತವ್ವ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

“ಇದನ್ನ ದವಾಖಾನಿಗೆ ಕೊಟ್ಟಬಿಡ್ರಿ. ನಡುವ ಬಿಡಬ್ಯಾಡ್ರಿ ಮತ್ತ.”

“ನನ್ನಿಂದ ಹಿಂಗಾಯ್ತು” ಎಂದೆ.

“ಹೌದ್ರಿ, ನಿಮ್ಮ ಸಲುವಾಗಿನ ಹೊಂಟೀವಿ. ಸುಳ್ಳ್ಯಾಕ ಹೇಳ್ಲಿ.” ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಸಿಟ್ಟು ಭಾಳ ಬಂದೈತ್ರಿ ಅಕ್ಕಾರ. ಯಾರ ಮ್ಯಾಲ ಅಂತ ತಿಳೀವಲ್ದು.”

ಆಟೋ ಹೋಯಿತು. ನಾನು ನಡುರಸ್ತೆಯಲ್ಲಿ ಡಬ್ಬಿ ಹಿಡಿದು ನಿಂತಿದ್ದೆ. ಅಷ್ಟು ಬಾಗಿಲುಗಳಲ್ಲಿ ಒಂದರಿಂದಲಾದರೂ ಯಾರಾದರೂ ಈಚೆ ಬರಬಹುದು ಎಂದು ಒಂದು ಗಳಿಗೆ ಕಾದೆ. ಆಮೇಲೆ ಮನೆಗೆ ಹೋದೆ.

ಉಳಿದ ತಿಂಗಳುಗಳನ್ನು ಬಸ್ಸಿನಲ್ಲೇ ಹೋಗಿಬಂದು ಮುಗಿಸಿದೆ. ಆ ಹಂತದಲ್ಲಿ ವಾರಕ್ಕೊಮ್ಮೆ ಹೋಗಿ, ಒಂದು ಸಲದ್ದನ್ನು ಅಲ್ಲೇ ನುಂಗಿ, ಉಳಿದದ್ದನ್ನು ಮನೆಗೆ ತಂದರೆ ಸಾಕಿತ್ತು, ಮಾತ್ರೆಗಳೂ ಕಡಿಮೆಯಾಗಿದ್ದವು. ಇವರು ಶಿಫ್ಟ್ ಬದಲಿಸಿಕೊಂಡು ಜೊತೆಗೆ ಬರುತ್ತಿದ್ದರು. ವರಾಂಡದಲ್ಲಿ ನನಗೂ ಅವರಿಗೂ ನಡುವೆ ಜಾಗ ಬಿಡದೆ ಕೂರುತ್ತಿದ್ದರು. “ನಂಗೆ ಈ ಜನ ಗೊತ್ತು” ಎಂದಿದ್ದ ಮಾತನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಆಗ ನನಗೆ ಸಿಕ್ಕ ದೊಡ್ಡ ಉಪಕಾರ ಅದು.

ಕೊನೆಯ ಪರೀಕ್ಷೆ ಮುಗಿದು ವಾಸಿಯಾಗಿದೆ ಎಂದ ದಿನ ಆರೋಗ್ಯ ಕಾರ್ಯಕರ್ತೆ ಬೆನ್ನು ತಟ್ಟಿದರು. ಮನೆಗೆ ಬಂದು ಚೈತ್ರಳಿಗೆ ಹೇಳಿದ ಮೇಲೆ ಹೊರಗೆ ಹೇಳಲು ಯಾರೂ ಇರಲಿಲ್ಲ. ಬೀದಿಯಲ್ಲಿ ಹೇಳಬೇಕಾದವಳು ಒಬ್ಬಳೇ, ಅವಳು ಬೀದಿಯಲ್ಲಿರಲಿಲ್ಲ. ಅವಳು ಕೊಟ್ಟಿದ್ದ ಮೊಬೈಲ್ ನಂಬರು ಚಾಲ್ತಿಯಲ್ಲಿರಲಿಲ್ಲ. ಮುಂದಿನ ರಜೆಯ ದಿನ ನಾನೂ ಇವರೂ ಬಸ್ಸು ಬದಲಿಸಿ ಬದಲಿಸಿ ಊರಿನ ಆ ತುದಿಯ ಜಿಗಣಿಗೆ ಹೋದೆವು. ಅಲ್ಲಿಯೂ ಕಾರ್ಖಾನೆಗಳ ಹಿಂದೆ ಶೀಟಿನ ರೂಮುಗಳ ಸಾಲುಗಳು, ಒಂದರ ಹಿಂದೆ ಒಂದು. ಕಿರಾಣಿ ಅಂಗಡಿಯವನೊಬ್ಬ, “ಶಾಂತವ್ವ ಅಂದ್ರೆ ಯಾವ ಶಾಂತವ್ವ? ಕೊಪ್ಪಳದೋರು ಇಲ್ಲಿ ಬೇಕಾದಷ್ಟು ಜನ ಇದಾರೆ ಮೇಡಂ” ಎಂದ. ಸಂಜೆಯ ತನಕ ತಿರುಗಿದೆವು. ತಂದಿದ್ದ ಮೈಸೂರುಪಾಕಿನ ಪೊಟ್ಟಣ ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆಯೇ ಇತ್ತು.

ಮನೆಪಾಠ ಮತ್ತೆ ಶುರುವಾಗಲಿಲ್ಲ. ಹಬ್ಬದ ಅಡುಗೆಯನ್ನು ಸಮಿತಿಯವರು ಹೊರಗೆ ಹೇಳಿ ಮಾಡಿಸತೊಡಗಿದರು. ದಿನ ಕಳೆದ ಹಾಗೆ ಜನ ಮತ್ತೆ ನಕ್ಕರು, ಊಟ ಆಯ್ತಾ ಎಂದು ಕೇಳಿದರು, ಏನೂ ಆಗಿಲ್ಲವೆಂಬಂತೆ. ನಾನೂ ಆಯ್ತು ಎನ್ನುತ್ತಿದ್ದೆ.

ಒಂದು ವರ್ಷ ಕಳೆದಿತ್ತೇನೋ. ಒಂದು ಮಧ್ಯಾಹ್ನ, ಬೀದಿ ಖಾಲಿಯಿದ್ದ ಹೊತ್ತಿನಲ್ಲಿ, ಹಿತ್ತಲ ಕಡೆಯ ಬಾಗಿಲು ತಟ್ಟಿದ ಸದ್ದಾಯಿತು. ಗಿರಿಜಾ. ಕಣ್ಣು ಗುಳಿಬಿದ್ದಿತ್ತು. ಮಾತಾಡುವ ಮೊದಲೇ ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತಿದ್ದ ಕೆಮ್ಮು. ಕೆಲವು ದಿನಗಳಿಂದ ಗೋಡೆಯ ಆಚೆಯಿಂದ ಕೇಳುತ್ತಲೂ ಇದ್ದೆ.

“ಸುಮಕ್ಕ, ನೀವು ಹೋಗ್ತಿದ್ದ ಸೆಂಟರ್ ಯಾವ್ದು?” ಎಂದಳು. “ಯಾರಿಗೂ ಹೇಳ್ಬೇಡಿ. ನಮ್ಮ ಅತ್ತೆಗೂ ಗೊತ್ತಿಲ್ಲ.”

ಇದು ನಿಮ್ಮಿಂದಲೇ ಬಂದದ್ದು ಎಂಬ ಮಾತು ಅವಳ ಕಣ್ಣಿನಲ್ಲಿತ್ತು. ಆಡಲಿಲ್ಲ. ನನ್ನಿಂದಲೇ ಬಂದಿತ್ತೋ, ಬಸ್ಸಿನಿಂದ ಬಂದಿತ್ತೋ, ಯಾರು ಹೇಳಬಲ್ಲರು? ಆ ಸಂಶಯ ನನ್ನಲ್ಲಿ ಇಂದಿಗೂ ಇದೆ.

ಮಾರನೆಯ ದಿನ ಜೊತೆಗೆ ಹೋದೆ. ಇವರು ಹೋಗಬೇಡ ಎಂದರು, ಹೋದೆ. ಬಸ್ ಸ್ಟಾಪಿನ ತನಕ ಅವಳು ನನ್ನ ಜೊತೆ ನಡೆಯಲಿಲ್ಲ. “ನೀವು ಮುಂದೆ ಹೋಗಿರಿ, ನಾನು ಹಿಂದಿನಿಂದ ಬರ್ತೀನಿ” ಎಂದಳು. ವರಾಂಡದಲ್ಲಿ ಮಾತ್ರ ನನಗೆ ಅಂಟಿಕೊಂಡು ಕೂತಳು, ನನ್ನ ಮುಂಗೈ ಹಿಡಿದುಕೊಂಡಳು. ಪರೀಕ್ಷೆಯಾಯಿತು, ಅವಳಿಗೂ ಅದೇ ರೋಗ ಎಂದಾಯಿತು. ಆರೋಗ್ಯ ಕಾರ್ಯಕರ್ತೆ ಎಲ್ಲ ಹೇಳಿ ಮುಗಿಸಿ, ಮಾತ್ರೆ ನುಂಗುವುದನ್ನು ನೋಡಲು ನಿಮ್ಮ ಬೀದಿಯಲ್ಲಿ ಯಾರು ಸಿಗುತ್ತಾರೆ ಎಂದು ಅವಳನ್ನು ಕೇಳಿದರು. ಗಿರಿಜಾ ನನ್ನ ಕಡೆ ನೋಡಿದಳು.

“ನಾನು ನೋಡ್ಕೋತೀನಿ” ಎಂದೆ. “ಒಂದೇ ಮಾತು. ಮುಂದಿನ ಬಾಗಿಲಿಂದ ಬಾ.”

ಅವಳಿಗೆ ಅರ್ಥವಾಯಿತು. ಬೆಳಿಗ್ಗೆ, ಬೀದಿ ಎದ್ದು ಓಡಾಡುವ ಹೊತ್ತಿನಲ್ಲಿ, ನಮ್ಮ ಗೇಟು ತೆಗೆದು, ನನ್ನ ಬಾಗಿಲು ತಟ್ಟಿ ಒಳಗೆ ಬರಬೇಕು. ಯಾಕೆ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತಾಳೋ ಅವಳಿಗೆ ಬಿಟ್ಟದ್ದು. ಅವಳು ನನ್ನ ಮುಂಗೈ ಬಿಟ್ಟಳು. ಆಮೇಲೆ ಆರೋಗ್ಯ ಕಾರ್ಯಕರ್ತೆಗೆ, “ನಾನು ಇಲ್ಲಿಗೇ ಬರ್ತೀನಿ ಮೇಡಂ” ಎಂದಳು.

ಆ ಷರತ್ತು ಹಾಕಬಾರದಿತ್ತೋ ಏನೋ. ಕಾಯಿಲೆಯವಳ ಹತ್ತಿರ ನ್ಯಾಯ ಕೇಳುವುದು ಸರಿಯಲ್ಲ ಎಂದು ಒಂದು ಮನಸ್ಸು ಹೇಳುತ್ತದೆ. ನಾನು ಕೇಳಿದ್ದು ಶಾಂತವ್ವನ ಪರವಾಗಿ ಎಂದು ಇನ್ನೊಂದು. ಇದನ್ನು ಓದುವವರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ, ಅಕ್ಕಪಕ್ಕದವರಿಗೆ ಹೇಳಿ ಎಂದಾಗಲಿ ಹೇಳಬೇಡಿ ಎಂದಾಗಲಿ ನಾನು ಬುದ್ಧಿವಾದ ಹೇಳಲಾರೆ. ಮಾತ್ರೆ ಬಿಡಬೇಡಿ. ಅಷ್ಟನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಗಿರಿಜಾ ಬಸ್ಸಿನಲ್ಲೇ ಹೋಗಿಬಂದಳು. ಹೊಲಿಗೆ ಕಲಿಯಲು ಹೋಗುತ್ತಿದ್ದೇನೆ ಎಂದು ಬೀದಿಗೆ ಹೇಳಿದ್ದಳು. ಒಂದು ಬೆಳಿಗ್ಗೆ ತರಕಾರಿ ತಂದು ವಾಪಸ್ಸಾಗುತ್ತಿದ್ದಾಗ, ಬಸ್ ಸ್ಟಾಪಿನ ಕಂಬ ಹಿಡಿದು ನಿಂತಿದ್ದವಳನ್ನು ಕಂಡೆ. ಮುಖ ಬಿಳಿಚಿಕೊಂಡಿತ್ತು. ಹೋಗುವಾಗಲೇ ಹೀಗಿದ್ದರೆ ಬರುವಾಗ ಹೇಗಿರುತ್ತಾಳೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಯಾರಿದ್ದಾರೆ? ಹತ್ತಿರ ಹೋಗಿ ಪಕ್ಕದಲ್ಲಿ ನಿಂತೆ. “ನಾನೂ ಬರ್ಲಾ?” ಎಂದೆ. ಅವಳು ತಲೆಯಾಡಿಸಿದಳು, ಬೇಕು ಎಂದೋ ಬೇಡ ಎಂದೋ ತಿಳಿಯಲಿಲ್ಲ. ಅಷ್ಟರಲ್ಲಿ ರಸ್ತೆಯ ಆಚೆ ನಮ್ಮ ಬೀದಿಯ ಹೆಂಗಸರು ಇಬ್ಬರು ಚೀಲ ಹಿಡಿದು ಬರುವುದು ಕಾಣಿಸಿತು. ಗಿರಿಜಾ ಕಂಬ ಬಿಟ್ಟು, ತೂರಾಡುತ್ತ, ನನ್ನಿಂದ ಒಂದು ಮಾರು ದೂರ ಹೋಗಿ ನಿಂತಳು. ಬಸ್ಸು ಬಂತು. ನಾನು ಹತ್ತಲಿಲ್ಲ.